ಪಂಚಮ ಹಿಡಿದ ಕರೆಂಟು

ಕಾಸರಗೋಡಿನ ಕಡೆ ಮನೆಯಲ್ಲೇ ಒಂದು ಹಾಡು ರೆಕಾರ್ಡ್ ಮಾಡಹೊರಟವರು ಮೊದಲು ನೋಡಬೇಕಾದದ್ದು ಮೈಕಿನ ಬೆಲೆಯನ್ನಲ್ಲ, ಪಕ್ಕದ ತೋಟದವರ ಕೆಲಸದ ಲೆಕ್ಕವನ್ನು. ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಹಗಲಿರುಳು ಚಂಡೆ. ಮಳೆ ಬಿಟ್ಟು ಹೊಳವಾಯಿತು, ಇನ್ನು ಹಾಡೋಣ ಎಂದು ಹೆಡ್‌ಫೋನ್ ಏರಿಸುವಷ್ಟರಲ್ಲಿ ಆಚೆ ಬೋರ್ಡೋ ಪಂಪು ಗುಡುಗುತ್ತದೆ. ಅವರನ್ನು ದೂರುವಂತಿಲ್ಲ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲಿಕ್ಕೂ ಅದೇ ಹೊಳವೇ ಬೇಕು. ಉಳಿದದ್ದು ರಾತ್ರಿ ಹನ್ನೊಂದರ ಮೇಲಿನ ಹೊತ್ತು. ಅದನ್ನು ಜೀರುಂಡೆಗಳು ಮೊದಲೇ ಬುಕ್ ಮಾಡಿರುತ್ತವೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆಂಬ ನಂಬಿಕೆಯೊಂದುಂಟು. ನಿಲ್ಲುವುದಿಲ್ಲ, ಹಲ್ಲಿಗಳಿಗೆ ವಸತಿಯಾಗುತ್ತದೆ. ಹೊರಗಿನ ಸದ್ದು ತಡೆಯಲು ಗೋಡೆಗೆ ತೂಕ ಬೇಕು, ಸಂದಿ ಇರಬಾರದು. ಹಂಚಿನ ಮಾಡು ಎಂದರೇ ಸಂದಿ. ಕೋಣೆಯೊಳಗಿನ ಮಾರ್ದನಿಯನ್ನಾದರೂ ತಗ್ಗಿಸಬಹುದು, ಅದಕ್ಕೆ ಎರಡು ಹತ್ತಿಯ ಹಾಸಿಗೆ ಸಾಕು. ಎಲ್ಲರೂ ಅವನ್ನು ಮೈಕಿನ ಹಿಂದೆ ನಿಲ್ಲಿಸುತ್ತಾರೆ. ಎದುರಿನ ದನಿಯನ್ನು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಕಿವುಡು. ಅದಕ್ಕೆ ಕೇಳಿಸುವುದು ಹಾಡುವವರ ಹಿಂದಿನ ಗೋಡೆ, ಹಾಸಿಗೆ ಇರಬೇಕಾದದ್ದು ಅಲ್ಲಿ.

ಶ್ರುತಿಯ ಮಾತು. ಒಂದೇ ಸ್ವರವನ್ನು ಫೋನಿನ ತಂಬೂರಿ 440 ಹರ್ಟ್ಸ್ ಲೆಕ್ಕದಲ್ಲಿ ನುಡಿದು, ಅಜ್ಜನ ಕಾಲದ ಹಾರ್ಮೋನಿಯಂ 443ಕ್ಕೆ ನಿಂತಿದ್ದರೆ ಸೆಕೆಂಡಿಗೆ ಮೂರು ಸಲ ದನಿ ತೊನೆಯುತ್ತದೆ. ರೀಡು ಕೆರೆಯಲು ಹೋಗಬಾರದು. ಆ್ಯಪನ್ನೇ ಹಾರ್ಮೋನಿಯಂಗೆ ಕೂಡಿಸಬೇಕು. ಆ ತಂಬೂರಿಯೂ ಹಾಡುವವರ ಹೆಡ್‌ಫೋನಿನಲ್ಲಿ ಮಾತ್ರ ಇರಲಿ, ಟ್ರ್ಯಾಕಿಗೆ ಬೇಡ. ಇನ್ನು ಮದ್ದಳೆ. ಥಂಡಿಗೆ ಚರ್ಮ ಸಡಿಲಾಗಿ ಅರ್ಧ ಗಂಟೆಯಲ್ಲೇ ಶ್ರುತಿ ಇಳಿಯುತ್ತದೆ. ಪಲ್ಲವಿಯ ಮದ್ದಳೆಗೂ ಮೂರನೇ ಚರಣದ ಮದ್ದಳೆಗೂ ಮುಖಪರಿಚಯವೇ ಇರುವುದಿಲ್ಲ. ಪ್ರತಿ ಟೇಕಿಗೆ ಮೊದಲು ಕೂಡಿಸಿ ನೋಡುವುದೇ ದಾರಿ.

ತಾಳದಲ್ಲಿ ಎಡವುವುದು ಇನ್ನೂ ಸುಲಭ. ಸಾಫ್ಟ್‌ವೇರ್ ತೆರೆದರೆ ಅದು ಹೇಳದೆ ಕೇಳದೆ ನಾಲ್ಕರ ಲೆಕ್ಕ ಹಿಡಿದು ಕೂತಿರುತ್ತದೆ. ತ್ರಿಪುಡೆಯ ಹಾಡಿಗೆ 3+2+2ರಂತೆ ಏಳಕ್ಕೆ ಬದಲಿಸದಿದ್ದರೆ ತಾಳ ಎಣಿಸುವ ಕ್ಲಿಕ್ಕಿನ ಗಟ್ಟಿ ಪೆಟ್ಟು ಪ್ರತಿ ಆವರ್ತದಲ್ಲೂ ಬೇರೆ ಬೇರೆ ಅಕ್ಷರದ ತಲೆಗೆ ಬೀಳುತ್ತದೆ. ಕಂಪ್ಯೂಟರ್ ಸುಮ್ಮನಿದ್ದೀತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೇಲಿಯಾಚೆಯ ಅಜ್ಜ ಸುಮ್ಮನಿರುವುದಿಲ್ಲ.

ಹಾಡುವವರು ಎಳೆದೆಳೆದು ಹಿಂದೆ ಬೀಳುತ್ತಿದ್ದರೆ ಬೈಯುವ ಮುಂಚೆ ಬಫರ್ ನೋಡಿ, ಎಂದರೆ ಕಂಪ್ಯೂಟರ್ ದನಿಯ ತುಣುಕುಗಳನ್ನು ಕೂಡಿಟ್ಟು ಒಮ್ಮೆಗೆ ಸಾಗಿಸುವ ಕಟ್ಟು. 44.1 ಕಿಲೋಹರ್ಟ್ಸ್‌ನಲ್ಲಿ 1024 ತುಣುಕಿನ ಬಫರ್ ಎಂದರೆ ಒಂದು ದಿಕ್ಕಿಗೇ 23 ಮಿಲಿಸೆಕೆಂಡು. ಹೋಗಿ ಬರುವಾಗ ದುಪ್ಪಟ್ಟು. ತನ್ನ ದನಿಯೇ ತನಗೆ ತಡವಾಗಿ ಕೇಳಿಸಿದರೆ ಎಂಥ ಭಾಗವತರೂ ಜೋಲಿ ತಪ್ಪಿಯಾರು. ರೆಕಾರ್ಡಿಂಗಿಗೆ 128, ಮಿಕ್ಸಿಂಗಿಗೆ 1024. ದನಿಯನ್ನು ತಡಮಾಡುವ ಬ್ಲೂಟೂತ್ ಹೆಡ್‌ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ.

ಮೈಕಿಗೂ ಬಾಯಿಗೂ ಒಂದು ಗೇಣು ಅಂತರ. ನಮ್ಮ ಮಹಾಪ್ರಾಣಗಳು ಮೈಕಿನ ಪ್ರಾಣ ತೆಗೆಯುತ್ತವೆ. ‘ಭವಾನಿ’, ‘ಫಣಿ’ ಎಂದಾಗಲೆಲ್ಲ ಮಡಲು ಬಿದ್ದ ಸದ್ದು. ಕಸೂತಿಯ ಬಳೆಗೆ ತೆಳು ನೈಲಾನ್ ಬಿಗಿದು ಅಡ್ಡ ಹಿಡಿದು, ಮೈಕನ್ನು ತುಸು ಓರೆಯಾಗಿಸಿದರೆ ಅರ್ಧ ರೋಗ ವಾಸಿ. ದನಿಯ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಮೆಲುದನಿಯನ್ನೂ ಸರಿಯಾಗಿ ಹಿಡಿಯುವ 24 ಬಿಟ್ ರೆಕಾರ್ಡಿಂಗ್ ಇರುವಾಗ ಮಟ್ಟ ಮೀರಿಸಿ ಕೆಂಪು ದೀಪ ಹತ್ತಿಸುವ ಚಟ ಯಾಕೆ?

ಮಳೆಯ ಸದ್ದನ್ನು ಆಮೇಲೆ ‘ನಾಯ್ಸ್ ರಿಡಕ್ಷನ್’ನಿಂದ ತೆಗೆದರಾಯಿತು ಎನ್ನುವವರಿಗೆ ಒಂದು ಎಚ್ಚರಿಕೆ. ಮಳೆಯ ಸುಯ್ಯೂ ನಮ್ಮ ಶ, ಷ, ಸಗಳೂ ಮೇಲಿನ ಕಂಪನಾಂಕಗಳಲ್ಲಿ ಒಂದೇ ಕೇರಿಯವರು. ಗುಂಡಿ ಜಾಸ್ತಿ ತಿರುಗಿಸಿದರೆ ಮಳೆಯ ಜೊತೆ ಅವೂ ಕೊಚ್ಚಿಹೋಗಿ ‘ಶಾರದೆ’ ‘ಆರದೆ’ ಆಗುತ್ತಾಳೆ. ಭಜನೆ ಹೋಗಿ ದೀಪದ ಜಾಹೀರಾತು.

ಇಷ್ಟೆಲ್ಲ ದಾಟಿದ ಮೇಲೂ ಒಂದು ಗುಂಯ್ ಉಳಿಯುತ್ತದೆ. ಅದು 50 ಹರ್ಟ್ಸ್‌ನ ಕರೆಂಟು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಐದಕ್ಕಿಂತ ಚೂರು ಮೇಲೆ, ಕಪ್ಪು ನಾಲ್ಕಕ್ಕಿಂತ ಕೆಳಗೆ. ಹಾಡು ಬಿಳಿ ಒಂದರಲ್ಲಿದ್ದರೆ ಅದು ಪಂಚಮವೇ, ಕೊಂಚ ಏರಿದ ಪಂಚಮ. ಕರೆ ಕಳಿಸದೆಯೂ ಬಂದು ಕೂತ ಶ್ರುತಿಯವ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಆಗಲೂ ಹೋಗದಿದ್ದರೆ ಮೈಕಿನ ವಯರನ್ನು ಕರೆಂಟಿನ ವಯರಿನ ಜೊತೆ ಸುತ್ತಿಟ್ಟಿದ್ದೀರೋ ಎಂದು ಹುಡುಕಿ. ಫೋನಿನಲ್ಲಷ್ಟೇ ಮಿಕ್ಸ್ ಕೇಳುವವರಿಗೆ ಈ ಪುಣ್ಯಾತ್ಮ ಸಿಗುವುದೇ ಇಲ್ಲ, ಅಷ್ಟು ಕೆಳಗಿನ ಸ್ವರವನ್ನು ಆ ಪುಟ್ಟ ಸ್ಪೀಕರ್ ನುಡಿಸಲಾರದು.

ಹಾಗೆ ಸಿಗದೆ ಉಳಿದ ಟ್ರ್ಯಾಕು ಮನೆಯವರ ವಾಟ್ಸಾಪಿಗೆ ಹೋಗುತ್ತದೆ. ಬದಿಯಡ್ಕದ ಮಾವ ಅದನ್ನು ಚಾವಡಿಯ ದೊಡ್ಡ ಸ್ಪೀಕರಿಗೆ ಸಿಕ್ಕಿಸಿ, ಕಣ್ಣುಮುಚ್ಚಿ ಪೂರ್ತಿ ಕೇಳಿ, ಉತ್ತರ ಬರೆಯುತ್ತಾರೆ: “ಹಾಡು ಸಾಧಾರಣ. ತಂಬೂರಿ ಒಳ್ಳೆದುಂಟು ಮಾರಾಯ, ಯಾರದ್ದು?”