‘ಮೊದಲು ಹೊಳೆದದ್ದೇ ಸತ್ಯ’ ಸಂದೇಶದ ಬಗ್ಗೆ ಸ್ಪಷ್ಟನೆ

‘ಮನಸ್ಸಿಗೆ ಮೊದಲು ಹೊಳೆದದ್ದೇ ಸತ್ಯ, ವಿಜ್ಞಾನ ಇದನ್ನು ಸಾಬೀತು ಮಾಡಿದೆ’ ಎಂಬ ಸಂದೇಶ ಹರಿದಾಡುತ್ತಿದೆ. ವಿಜ್ಞಾನ ಹಾಗೆ ಹೇಳಿಲ್ಲ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಗ್ಯಾರಿ ಕ್ಲೈನ್ 2009ರ ಜಂಟಿ ಲೇಖನದಲ್ಲಿ, ಹೊಳಹನ್ನು ನಂಬಬೇಕಾದರೆ ಎರಡು ಷರತ್ತು ಹೇಳಿದ್ದಾರೆ. ಯಾವ ಕೆಲಸದ ಬಗ್ಗೆ ಹೊಳೆಯಿತೋ ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು. ಸರಿ-ತಪ್ಪು ತಿಳಿಯುತ್ತಾ ಪಳಗುವ ಅವಕಾಶವೂ ಸಿಕ್ಕಿರಬೇಕು. ಹಾಗಾಗಿ ಪಳಗಿದ ಚದುರಂಗ ಆಟಗಾರರ ಹೊಳಹನ್ನು ನಂಬಬಹುದು. ಷೇರು ಬೆಲೆಯ ಊಹೆಯನ್ನು ಸುಮ್ನೆ ನಂಬುವಂತಿಲ್ಲ.

ಚೆಂದ ಕಂಡದ್ದೆಲ್ಲ ನಿಜವೂ ಅಲ್ಲ. ಗ್ರಹಗಳ ಅಂತರವನ್ನು ಐದು ಘನಾಕೃತಿಗಳು ನಿರ್ಧರಿಸುತ್ತವೆ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1596ರಲ್ಲಿ ಬರೆದರು. ಎಷ್ಟು ಸೊಗಸಾದ ಕಲ್ಪನೆ, ಅಲ್ವಾ? ಆದರೆ ತಪ್ಪು. ಮುಂದೆ ಇನ್ನೊಬ್ಬ ಖಗೋಳ ವಿಜ್ಞಾನಿ ಟೈಕೋ ಬ್ರಾಹೆಯ ಅಳತೆಗಳ ಜೊತೆ ಗುದ್ದಾಡಿ, 1609ರಲ್ಲಿ ಮಂಗಳದ ದೀರ್ಘವೃತ್ತದ ಹಾದಿಯನ್ನು ಪ್ರಕಟಿಸಿದರು. ಹೊಳಹು, ಸೌಂದರ್ಯಪ್ರಜ್ಞೆ ಎರಡೂ ಬೇಕು, ಪರೀಕ್ಷೆಯ ಜೊತೆಗೆ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಯಾರಿಗಾದರೂ ಕಳಿಸಿದ್ದರೆ, ಅವರಿಗೆ ಇದನ್ನೂ ಕಳಿಸಿ.