ಸಮಯ ಸಾಲದ್ದು ಕಾರಣ ಅಲ್ಲ

ಹತ್ತಾರು ಗಂಟೆಯ ಗೇಮನ್ನು ಎರಡು ಗಂಟೆಗೆ ಇಳಿಸುವುದರಿಂದಲೇ ವಿಡಿಯೋ ಗೇಮ್ ಆಧರಿಸಿದ ಸಿನಿಮಾಗಳು ಸೋಲುತ್ತವೆ ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಸೂಪರ್ ಮಾರಿಯೋ ಬ್ರದರ್ಸ್ ಗೇಮಿನ ಕಥೆ ಒಂದೇ ಸಾಲು: ರಾಜಕುಮಾರಿಯನ್ನು ಬಿಡಿಸಿಕೊಂಡು ಬರಬೇಕು. ಅದರಲ್ಲಿ ಕತ್ತರಿಸಲು ಏನಿತ್ತು? ಆದರೂ 1993ರ ಸಿನಿಮಾ ನೆಲಕಚ್ಚಿತು. ಬಣ್ಣಬಣ್ಣದ ಆ ಲೋಕವನ್ನು ಕೊಳಕು, ಕತ್ತಲೆಯ ನಗರ ಮಾಡಿಬಿಟ್ಟಿದ್ದರು.

ಅಸ್ಯಾಸಿನ್ಸ್ ಕ್ರೀಡ್ (2016) ನನಗೆ ಇನ್ನೂ ಬೇಸರ ತಂದಿತು. ಆ ಗೇಮ್ ಆಡುವುದೇ ಹಳೇ ಊರುಗಳ ಗೋಪುರ ಹತ್ತೋಕೆ, ಚಾವಣಿಯಿಂದ ಚಾವಣಿಗೆ ಹಾರೋಕೆ ಅಲ್ವಾ? ಸಿನಿಮಾ ಜಾಸ್ತಿ ಹೊತ್ತು ಕಳೆಯುವುದು ಈ ಕಾಲದ ಲ್ಯಾಬ್ ಒಳಗೆ. 15ನೇ ಶತಮಾನದ ಸ್ಪೇನ್ ಸುಮ್ನೆ ಬಂದು ಹೋಗುತ್ತದೆ.

ನಿಜವಾದ ಕಷ್ಟ ಬೇರೆ. ದಿ ಲಾಸ್ಟ್ ಆಫ್ ಅಸ್ ಗೇಮಿನ ಕೊನೆಗೆ, ಆಸ್ಪತ್ರೆಯಲ್ಲಿ ನಾವು ಆಡಿಸುವ ಪಾತ್ರ ಜೋಯಲ್ ಡಾಕ್ಟರನ್ನು ಕೊಲ್ಲುವಾಗ ಬಟನ್ ಒತ್ತುವವರು ನಾವೇ. ಒತ್ತದೆ ಮುಂದೆ ಹೋಗುವಂತಿಲ್ಲ. ಆ ಸಂಕಟ ತೆರೆಯ ಮೇಲೆ ಸಿಗುವುದಿಲ್ಲ, ಅದರ ಜಾಗಕ್ಕೆ ಬೇರೇನನ್ನೋ ಕೊಡಬೇಕು. ಈ ಗೇಮನ್ನು ಆಧರಿಸಿದ 2023ರ ಟಿವಿ ಸರಣಿ ಕೊಟ್ಟಿತು. ಗೇಮಿನಲ್ಲಿ ಬಿಲ್ ಎಂಬವನ ಸಂಗಾತಿ ಫ್ರಾಂಕ್ ಬರೀ ಹೆಣವಾಗಿ ಕಾಣುತ್ತಾನೆ. ಮೂರನೇ ಕಂತಿನಲ್ಲಿ ಅವನೂ ಬಿಲ್ಲೂ ಕೂಡಿ ಬಾಳಿದ ಅಷ್ಟೂ ವರ್ಷಗಳನ್ನು ತೋರಿಸಿದರು. ಮೂಲ ಗೇಮ್ ಬರೆದ ನೀಲ್ ಡ್ರಕ್‌ಮನ್ ಅವರೇ ಈ ಸರಣಿಯನ್ನು ರೂಪಿಸಿದವರಲ್ಲಿ ಒಬ್ಬರು.