ಅಕ್ಕ ಮತ್ತು ಅಟ್ಲಾಂಟಿಕ್

ಮೈಸೂರಿಗೆ ಸಮುದ್ರ ಇಲ್ಲ. ಅದಕ್ಕಾಗಿ ನಮ್ಮಲ್ಲಿ ಯಾರಿಗೂ ಬೇಜಾರೂ ಇಲ್ಲ. ಅರಮನೆ ಇದೆ, ಬೆಟ್ಟ ಇದೆ. ನೀರು ನೋಡಬೇಕು ಅನ್ನಿಸಿದರೆ ಕುಕ್ಕರಹಳ್ಳಿ ಕೆರೆ ಇದೆ, ಇನ್ನೂ ಜಾಸ್ತಿ ಬೇಕು ಅನ್ನುವವರಿಗೆ ಕನ್ನಂಬಾಡಿ ಇದೆ. ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲೆ ಆರಾಮಾಗಿ ಕೂತಿರುವ ಊರು. ಇಂಥ ಊರಿನ ಸರಸ್ವತಿಪುರಂನ ಒಂದು ಮನೆಯಲ್ಲಿ ಕಳೆದ ದಸರಾದಿಂದ ಬೆಳಗ್ಗೆ ಕೇಳುವ ಮೊದಲ ಪ್ರಶ್ನೆ "ಹಾಲು ಬಂತಾ?" ಅಲ್ಲ. "ಹಡಗು ಎಲ್ಲಿಗೆ ಬಂತು?"

ಮನೆ ನನ್ನ ಅಕ್ಕನದು. ಮೇಲಿನ ಮಹಡಿಯಲ್ಲಿ ನಾನಿದ್ದೇನೆ. ಹಡಗು ಅಕ್ಕನ ಮಗನದು. ಅಂದರೆ ಅವನು ಅದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗ. ಮನೆಯಲ್ಲಿದ್ದಾಗ ತಿಂದ ತಟ್ಟೆ ಎತ್ತಿದವನಲ್ಲ, ಈಗ ಮೂರು ಸಾವಿರ ಜನಕ್ಕೆ ಈರುಳ್ಳಿ ಹೆಚ್ಚುತ್ತಾನೆ. ಹಡಗಿನ ಹೆಸರು ಇಲ್ಲಿ ಹೇಳುವುದಿಲ್ಲ. ಹುಡುಗನ ನೌಕರಿ ನೋಡಿ, ಯಾಕೆ ಸುಮ್ನೆ.

ಹೋದ ದಸರಾ ಹೊತ್ತಿಗೆ ಆ ಹಡಗು ರಿಪೇರಿಗೆ ಅಂತ ಸ್ಪೇನಿನ ಕಾಡಿಜ್ ಬಂದರಿಗೆ ಹೋಯಿತು. ಅಲ್ಲಿಯವರೆಗೆ ಅಕ್ಕನ ಲೆಕ್ಕದಲ್ಲಿ ಮಗ "ಸಮುದ್ರದಲ್ಲಿ" ಇದ್ದ. ಅಷ್ಟು ಗೊತ್ತಿದ್ದರೆ ಸಾಕಾಗಿತ್ತು, ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಈಗ "ಡ್ರೈ ಡಾಕ್" ಅಂದರೇನು ಅನ್ನುವ ಪ್ರಶ್ನೆ ಬಂತು. ನಾನು ಟೆಲಿಫೋನ್ ಇಲಾಖೆಯಲ್ಲಿದ್ದು ರಿಟೈರ್ ಆದವನು. ಆದ್ದರಿಂದ ತಂತಿ, ಸಿಗ್ನಲ್, ಯಂತ್ರ ಅಂತ ಏನೇ ಬಂದರೂ ಮನೆಯಲ್ಲಿ ನನ್ನದೇ ಜವಾಬ್ದಾರಿ. ಅಟ್ಲಾಂಟಿಕ್ ಸಾಗರ ಕೂಡ ಆ ಲೆಕ್ಕಕ್ಕೇ ಸೇರಿತು.

ವಿವರಿಸಿದೆ. ಸಮುದ್ರದ ಅಂಚಿನಲ್ಲಿ ಒಂದು ಭಾರೀ ತೊಟ್ಟಿ ಕಟ್ಟಿರುತ್ತಾರೆ. ನೀರು ತುಂಬಿಸಿ ಬಾಗಿಲು ತೆಗೆದರೆ ಹಡಗು ಒಳಗೆ ಬರುತ್ತದೆ. ಆಮೇಲೆ ಬಾಗಿಲು ಮುಚ್ಚಿ ನೀರನ್ನೆಲ್ಲ ಪಂಪ್ ಹಾಕಿ ತೆಗೆಯುತ್ತಾರೆ. ನೀರು ಇಳಿದ ಹಾಗೆ ಹಡಗು ಕೆಳಗೆ ಸಾಲಾಗಿ ಜೋಡಿಸಿದ ದಿಮ್ಮಿಗಳ ಮೇಲೆ ಕೂತುಕೊಳ್ಳುತ್ತದೆ. ತಳಕ್ಕೆ ಅಂಟಿದ ಪಾಚಿ, ಚಿಪ್ಪು ಎಲ್ಲ ಕೆರೆದು ಹೊಸ ಬಣ್ಣ ಹೊಡೆಯುತ್ತಾರೆ, ಪ್ರೊಪೆಲ್ಲರ್ ಉಜ್ಜುತ್ತಾರೆ. ಚಿಪ್ಪು ಹಾಗೇ ಬಿಟ್ಟರೆ ಹಡಗು ನೀರಿನಲ್ಲಿ ಸರಾಗವಾಗಿ ಜಾರುವುದಿಲ್ಲ, ಎಣ್ಣೆ ಜಾಸ್ತಿ ಕುಡಿಯುತ್ತದೆ.

ಭಾವ ಪಾಂಡವಪುರದ ಕಡೆಯವರು. ಪೇಪರ್ ಮಡಿಸಿಟ್ಟು ಕೇಳಿದರು. "ಯಾವ ಬಣ್ಣ ಹೊಡೀತಾರೆ? ನಮ್ಮ ಮೈಸೂರಿಂದ ಎಲೆಕ್ಷನ್ ಇಂಕ್ ತರಿಸ್ಕಳಕ್ಕೆ ಹೇಳು. ಒಂದು ಕೋಟ್ ಹೊಡುದ್ರೆ ಮುಂದಿನ ಎಲೆಕ್ಷನ್ ಗಂಟ ಹೋಗಾಕಿಲ್ಲ." 1962ರಿಂದ ದೇಶದ ಬೆರಳಿಗೆಲ್ಲ ಶಾಯಿ ಹಚ್ಚುತ್ತಿರುವ ಊರಿನವರಿಗೆ ಅಷ್ಟು ಅಭಿಮಾನ ಇರಲೇಬೇಕು ಬಿಡಿ.

ಇಂಥ ರಿಪೇರಿಯಲ್ಲಿ ಬರೀ ತಳ ಉಜ್ಜಿ ಬಿಡುವುದಿಲ್ಲ. ಕಾರ್ಪೆಟ್ಟು, ಸೋಫಾ, ರೆಸ್ಟೋರೆಂಟು ಎಲ್ಲ ಹೊಸದಾಗುತ್ತದೆ. 2016ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕ್ವೀನ್ ಮೇರಿ 2 ಹಡಗನ್ನು ಹೊಸದು ಮಾಡಿದಾಗ ನಾಯಿಗೂಡುಗಳನ್ನು 12ರಿಂದ 24ಕ್ಕೆ ಏರಿಸಿದರು. ಪ್ರಯಾಣಿಕರ ನಾಯಿಗಳು ಕಾಲೆತ್ತುವುದಕ್ಕೆ ಅಂತಲೇ ಇಂಗ್ಲೆಂಡಿನ ಒಂದು ದೀಪದ ಕಂಬವನ್ನೂ ಅಮೆರಿಕದ ಬೀದಿಗಳಲ್ಲಿರುವಂಥ ಒಂದು ಫೈರ್ ಹೈಡ್ರಂಟನ್ನೂ ನೆಟ್ಟರು. ಭಾವ ಒಂದು ಗಳಿಗೆ ಸುಮ್ಮನಿದ್ದು, "ನಮ್ಮ ಬೀದಿಲಿ ಟಿಕೆಟ್ ಇಲ್ದೇನೇ ಸಿಕ್ತದೆ" ಅಂದರು.

ರಿಪೇರಿ ಹೊತ್ತಿನಲ್ಲಿ ಪ್ರಯಾಣಿಕರು ಇರುವುದಿಲ್ಲ. ಆದರೆ ಸಿಬ್ಬಂದಿ ಇರುತ್ತಾರೆ. ಅಡುಗೆ ಕೆಲಸ ಕಡಿಮೆ, ಆದ್ದರಿಂದ ನಮ್ಮ ಹುಡುಗನನ್ನು ಫೈರ್ ವಾಚ್‌ಗೆ ಹಾಕಿದರು. ಯಾರಾದರೂ ವೆಲ್ಡಿಂಗ್ ಮಾಡುವಾಗ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಕಿಡಿ ಎಲ್ಲಿ ಬೀಳುತ್ತದೆ ಅಂತ ನೋಡುತ್ತಿರಬೇಕು. ವೆಲ್ಡಿಂಗ್ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕಾಯಬೇಕು. ಅಕ್ಕ ಫೋನ್ ಕಿವಿಗಿಟ್ಟುಕೊಂಡೇ ನಮ್ಮ ಕಡೆ ತಿರುಗಿದಳು. "ಎರಡು ನಿಮಿಷ ಹಾಲು ನೋಡ್ಕೊಳೋ ಅಂದ್ರೆ ಉಕ್ಕಿಸಿ ಬಿಡ್ತಿದ್ದ. ಇವನ ಕೈಗೆ ಹಡಗು ಕೊಟ್ಟಿದ್ದಾರಂತೆ!"

ಆಯುಧಪೂಜೆ ದಿನ ನಮ್ಮ ಬೀದಿಯ ಸ್ಕೂಟರು, ಸೈಕಲ್ಲು, ಮಿಕ್ಸಿಗೆಲ್ಲ ಪೂಜೆ ಆಯಿತು. ಆಮೇಲೆ ಅಕ್ಕ ಸ್ಪೇನಿಗೆ ಫೋನ್ ಮಾಡಿದಳು. ನಿಂಬೆಹಣ್ಣು ಇಟ್ಟರಾ?

"ಹಡಗಿಗೆ ಚಕ್ರ ಇಲ್ಲಮ್ಮ. ಯಾವುದರ ಕೆಳಗೆ ಇಡೋದು?"

"ಹಾಗಾದ್ರೆ ಮುಂದೆ ಒಂದು ಬೂದುಗುಂಬಳ ಒಡೀರಿ."

"ಒಡೆದರೆ ನನ್ನ ಕೈಲೇ ತೊಳೆಸ್ತಾರಮ್ಮ."

ಅಕ್ಕನ ಭಯ ಪೂರ್ತಿ ಸುಳ್ಳೂ ಅಲ್ಲ. 2019ರ ಏಪ್ರಿಲ್‌ನಲ್ಲಿ ಬಹಾಮಾಸ್‌ನ ಫ್ರೀಪೋರ್ಟ್‌ನಲ್ಲಿ ಓಯಸಿಸ್ ಆಫ್ ದಿ ಸೀಸ್ ಅನ್ನುವ ದೊಡ್ಡ ಹಡಗು ರಿಪೇರಿಗೆ ನಿಂತಿದ್ದಾಗ ಕ್ರೇನ್ ಅದರ ಮೇಲೆ ಬಿತ್ತು. ಆಮೇಲೆ ಹಡಗನ್ನು ಸಾಗರ ದಾಟಿಸಿ ತಂದು ಸರಿ ಮಾಡಿದ್ದು ಇದೇ ಕಾಡಿಜ್‌ನಲ್ಲಿ. ಈ ಕಥೆಯ ಮೊದಲರ್ಧವನ್ನು ಮಾತ್ರ ಯಾರೋ ಅಕ್ಕನಿಗೆ ವಿಡಿಯೋದಲ್ಲಿ ತೋರಿಸಿದ್ದರು. ಆ ರಾತ್ರಿ ಅವಳಿಗೆ ಸಮಾಧಾನ ಆಗಲಿ ಅಂತ ಹಡಗುಗಳನ್ನು ನಕ್ಷೆಯ ಮೇಲೆ ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟೆ.

ಇದರ ಹಿಂದಿರುವ ವ್ಯವಸ್ಥೆಗೆ ಎಐಎಸ್ ಅನ್ನುತ್ತಾರೆ. ಹೊರದೇಶಗಳಿಗೆ ಓಡಾಡುವ ಪ್ರಯಾಣಿಕರ ಹಡಗುಗಳಲ್ಲಿ 2004ರ ಕೊನೆಯ ಹೊತ್ತಿಗೇ ಇದು ಕಡ್ಡಾಯವಾಗಿತ್ತು. ಹಡಗು ಓಡುವಾಗ ಕೆಲವೇ ಸೆಕೆಂಡಿಗೊಮ್ಮೆ ತನ್ನ ಗುರುತು, ಇರುವ ಜಾಗ, ವೇಗ, ಹೋಗುತ್ತಿರುವ ದಿಕ್ಕನ್ನು ರೇಡಿಯೋದಲ್ಲಿ ಕೂಗಿ ಹೇಳುತ್ತಿರುತ್ತದೆ. ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಅಂತ ಮಾಡಿದ ಏರ್ಪಾಡು. ಸರಸ್ವತಿಪುರಂನಲ್ಲಿ ಕೂತ ತಾಯಂದಿರಿಗೆ ಅಂತ ಮಾಡಿದ್ದಲ್ಲ.

ಮೊದಲ ದಿನವೇ ರಗಳೆ. ನಕ್ಷೆಯಲ್ಲಿ ಹಡಗಿನ ಬಾಣ ನೀರಿನಲ್ಲಿ ಇರಲಿಲ್ಲ, ನೆಲದ ಮೇಲಿತ್ತು. "ಊರೊಳಗೆ ನುಗ್ಗಿಬಿಟ್ಟಿದೆ ಕಣೋ!" ತೊಟ್ಟಿ ಇರುವುದೇ ನೆಲ ಅಗೆದು ಅಂತ ಹೇಳಿ ಕೂರಿಸಿದೆ. ವೇಗ ಸೊನ್ನೆ ಅಂತ ತೋರಿಸುತ್ತಿತ್ತು. ನಿಂತಿರುವ ಹಡಗಿನ ವೇಗ ಸೊನ್ನೆಯೇ ಇರುತ್ತದೆ ಅನ್ನುವುದು ಅಕ್ಕನಿಗೂ ಗೊತ್ತು. ಆದರೂ ಸಾರಿಗೆ ಒಗ್ಗರಣೆ ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ನೋಡುತ್ತಿದ್ದಳು. ಭಾವನಿಗೆ ಮಾತ್ರ ಅದರಲ್ಲಿ ಬೇರೆಯದೇ ರುಚಿ ಸಿಕ್ಕಿತು. ಅವರು ಜೀವಮಾನವಿಡೀ ಪೇಪರಿನಲ್ಲಿ ಮೊದಲು ನೋಡುವುದು ಕನ್ನಂಬಾಡಿ ನೀರಿನ ಮಟ್ಟ. ಹಡಗು ಎಷ್ಟು ಆಳ ಮುಳುಗಿರುತ್ತದೆ ಅನ್ನುವುದನ್ನೂ ಆ್ಯಪ್ ತೋರಿಸುತ್ತದೆ ಅಂತ ಗೊತ್ತಾದದ್ದೇ ತಡ, ಎಂಟೂವರೆ ಮೀಟರನ್ನು ಅಡಿಗೆ ತಿರುಗಿಸಿದರು. "ಇಪ್ಪತ್ತೆಂಟು ಅಡಿ. ಕಟ್ಟೆ 124.80 ತುಂಬಿದಾಗ ಆರಾಮಾಗಿ ನಿಂತ್ಕತದೆ." ತರುವುದು ಹೇಗೆ ಅಂತ ನಾನು ಕೇಳಲಿಲ್ಲ.

ರಿಪೇರಿ ಮುಗಿದು ಹಡಗು ತೊಟ್ಟಿಯಿಂದ ಹೊರಗೆ ಬಂತು. ಹೊಸದಾಗಿ ರಿಪೇರಿಯಾದ ಹಡಗನ್ನು ಮೊದಲು ಹತ್ತಿರದಲ್ಲೇ ಓಡಿಸಿ ನೋಡುತ್ತಾರೆ. ಜೋರಾಗಿ ಬಿಡುವುದು, ಗಕ್ಕನೆ ನಿಲ್ಲಿಸುವುದು, ಆ ಕಡೆ ಈ ಕಡೆ ತಿರುಗಿಸುವುದು. ನಕ್ಷೆಯಲ್ಲಿ ಅದು ಬಿಡಿಸಿದ ಗೆರೆ ನೋಡಿದರೆ ರಂಗೋಲಿ ಕಲಿಯುವ ಮಗು ಕೈಯಾಡಿಸಿದ ಹಾಗಿತ್ತು. "ಡ್ರೈವರ್ ಕುಡ್ದವ್ನಾ?" ಅಂತ ಭಾವ. ಅಕ್ಕ ಆಗಲೇ ದೇವರ ಮನೆಯಲ್ಲಿದ್ದಳು.

ಅದು ಮುಗಿಸಿ ನಿಜವಾಗಿಯೂ ಹೊರಟಾಗ ಇನ್ನೊಂದು ತೊಂದರೆ. ಹೋಗುವ ಊರಿನ ಹೆಸರನ್ನು ಹಡಗಿನವರು ಕೈಯಲ್ಲಿ ಒತ್ತಿ ತುಂಬಿಸಬೇಕು. ಯಾರೋ ಮರೆತಿದ್ದರು. ಹಾಗಾಗಿ ಹಡಗು ಕಾಡಿಜ್ ಬಿಟ್ಟು, ಪಶ್ಚಿಮಕ್ಕೆ ಮುಖ ಮಾಡಿ, ಕಾಡಿಜ್‌ಗೇ ಹೋಗುತ್ತಿದೆ ಅಂತ ತೋರಿಸುತ್ತಿತ್ತು. 1493ರಲ್ಲಿ ಕೊಲಂಬಸ್ ತನ್ನ ಎರಡನೇ ಪ್ರಯಾಣಕ್ಕೆ ಹೊರಟದ್ದೂ ಇದೇ ಕಾಡಿಜ್‌ನಿಂದ. ಎಲ್ಲಿಗೆ ಬಂದಿದ್ದೇನೆ ಅಂತ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಅವನ ಅಮ್ಮನ ಕೈಯಲ್ಲಿ ಆ್ಯಪ್ ಇರಲಿಲ್ಲ, ಬಚಾವಾದ.

ಈ ಹೊತ್ತಿಗೆ ವಿಷಯ ಮನೆ ದಾಟಿತ್ತು. ಹಾಲಿನ ಬೂತಿನವನು ಚಿಲ್ಲರೆ ಕೊಡುತ್ತಾ "ಹಡಗು ಎಲ್ಲಿದೆ ಸಾರ್?" ಅನ್ನುತ್ತಿದ್ದ. ಕುಕ್ಕರಹಳ್ಳಿ ಕೆರೆಯ ಬೆಳಗಿನ ವಾಕಿಂಗ್ ಗುಂಪಿನಲ್ಲಿ ರಾಜಕೀಯ ಹಿಂದೆ ಬಿದ್ದು ಅಟ್ಲಾಂಟಿಕ್ ಮುಂದೆ ಬಂತು. ಅಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ತಾವೂ ಆ್ಯಪ್ ಹಾಕಿಕೊಂಡು ಹೆಸರು ಕೊಟ್ಟು ಹುಡುಕಿದರು. ಮಾರನೇ ದಿನ ಗಂಭೀರವಾಗಿ ಬಂದು, "ನಿಮ್ಮ ಹುಡುಗ ಅಟ್ಲಾಂಟಿಕ್‌ನಲ್ಲಿ ಇಲ್ಲ. ನೆದರ್‌ಲ್ಯಾಂಡ್ಸ್‌ನ ಕಾಲುವೆಯಲ್ಲಿದ್ದಾನೆ" ಅಂದರು. ನೋಡಿದರೆ ಅದೇ ಹೆಸರಿನ ಮರಳು ಸಾಗಿಸುವ ದೋಣಿ. ಹಡಗುಗಳ ಹೆಸರು ಎಷ್ಟು ಬೇಕಾದರೂ ರಿಪೀಟ್ ಆಗುತ್ತದೆ. ಐಎಂಒ ನಂಬರ್ ಅಂತ ಏಳು ಅಂಕಿಯದು ಒಂದಿರುತ್ತದೆ, ಮಾಲೀಕ ಬದಲಾದರೂ ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಇದನ್ನು ಮೇಷ್ಟ್ರಿಗೆ ಹೇಳುವ ಹೊತ್ತಿಗೆ ಸುದ್ದಿ ಅಕ್ಕನಿಗೆ ಮುಟ್ಟಿಯಾಗಿತ್ತು. "ಕಾಲುವೆ ಅಂದ್ರೆ ನಮ್ಮ ವಿ.ಸಿ. ನಾಲೆ ಇದ್ದಂಗಾ? ಈಜಿ ದಡ ಸೇರಬಹುದಾ?" ಅಂತ ಕೇಳಿದಳು. ನನಗನ್ನಿಸಿದ ಮಟ್ಟಿಗೆ ಅವಳಿಗೆ ಆ ಮರಳಿನ ದೋಣಿಯೇ ವಾಸಿ ಅನ್ನಿಸಿತ್ತು.

ಆಮೇಲೆ ಬಾಣ ಮಾಯವಾಯಿತು.

ಅದರಲ್ಲಿ ಆಶ್ಚರ್ಯವೇನಿಲ್ಲ. ಎಐಎಸ್ ರೇಡಿಯೋ ಅಲೆ ನೇರವಾಗಿ ಹೋಗುತ್ತದೆ, ಭೂಮಿ ಗುಂಡಗಿದೆ. ದಡದಲ್ಲಿರುವ ಆಂಟೆನಾಗಳಿಗೆ ದೂರದ ಹಡಗಿನ ಕೂಗು ಕೇಳಿಸುವುದಿಲ್ಲ. ನಡುಸಾಗರದಲ್ಲಿ ಅದನ್ನು ಹಿಡಿಯುವುದು ಉಪಗ್ರಹ. ಉಪಗ್ರಹದ ಮಾಹಿತಿಗೆ ಆ್ಯಪ್‌ನಲ್ಲಿ ದುಡ್ಡು ಕಟ್ಟಬೇಕು. ಭಾವ ಖಡಾಖಂಡಿತ ಬೇಡ ಅಂದರು. ಸುಮಾರು ಏಳು ಸಾವಿರ ಕಿಲೋಮೀಟರ್ ದಾರಿ, 18 ನಾಟ್ ಅಂದರೆ ಗಂಟೆಗೆ 33 ಕಿಲೋಮೀಟರ್, ಒಂಬತ್ತು ದಿನದಲ್ಲಿ ಆ ಕಡೆ ತಾನಾಗೇ ಕಾಣಿಸುತ್ತದೆ ಅಂತ ನಾನೂ ಲೆಕ್ಕ ಕೊಟ್ಟೆ. "ಮೂವತ್ಮೂರಾ? ನಮ್ಮ ಟಿವಿಎಸ್ ಜೋರಾಗಿ ಹೋಯ್ತದೆ" ಅಂದರು ಭಾವ. ಅಕ್ಕ ಯಾರ ಜೊತೆಗೂ ಮಾತಾಡಲಿಲ್ಲ. ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಬರುತ್ತೇನೆ ಅಂತ ಹರಕೆ ಹೊತ್ತಳು. ಮಂಡಿ ನೋವಿನವಳು. ಹರಕೆಯಲ್ಲಿ ನನ್ನ ಹೆಸರೂ ಸೇರಿಸಿದ್ದಾಳೆ ಅಂತ ಆಮೇಲೆ ಗೊತ್ತಾಯಿತು.

ಆ ರಾತ್ರಿ ನೀರು ಕುಡಿಯಲು ಕೆಳಗೆ ಬಂದಾಗ ಹಾಲ್‌ನಲ್ಲಿ ದೀಪ ಹಾಕದೆ ಯಾರೋ ಕೂತಿದ್ದರು. ಮೊಬೈಲ್ ಬೆಳಕಿನಲ್ಲಿ ಭಾವನ ಮುಖ ಕಂಡಿತು. "ಅಜೋರ್ಸ್ ದ್ವೀಪ ದಾಟ್ತು" ಅಂದರು. "ನಿಮ್ಮಕ್ಕಂಗೆ ದುಡ್ಡು ಕಟ್ಟಿದ್ದು ಹೇಳ್ಬೇಡ." ಬೆಳಗ್ಗೆ ಹೇಳಿದ್ದು ಅವರೇ.

ಹಡಗು ಮಯಾಮಿ ತಲುಪುವ ದಿನ ನಮ್ಮ ಮನೆಯಲ್ಲಿ ಕ್ರಿಕೆಟ್ ಫೈನಲ್‌ಗೂ ಸೇರದಷ್ಟು ಜನ. ಅಲ್ಲಿನ ಬಂದರಿನಲ್ಲಿ ಹಡಗು ಬರುವುದನ್ನು ನೇರಪ್ರಸಾರ ಮಾಡುವ ಕ್ಯಾಮೆರಾಗಳಿವೆ. ಅಲ್ಲಿ ಬೆಳಗ್ಗೆ ಏಳು, ನಮಗೆ ಸಂಜೆ ಐದೂವರೆ. ಕಾಫಿ, ಕಡ್ಲೆಪುರಿ, ಈರುಳ್ಳಿ ಪಕೋಡ. ಹಡಗಿನ ಮೂತಿ ಟಿವಿಯಲ್ಲಿ ಕಾಣಿಸಿತು, ಕರೆಂಟ್ ಹೋಯಿತು. ಇನ್ವರ್ಟರ್ ಫ್ಯಾನಿಗಿದೆ, ಟಿವಿಗಿಲ್ಲ. ನನ್ನ ಫೋನಿನ ಸುತ್ತ ಎಲ್ಲರೂ ತಲೆ ತೂರಿಸಿದರು. ಹೊಸ ಬಣ್ಣದಲ್ಲಿ ಹಡಗು ನಿಧಾನಕ್ಕೆ ದಡಕ್ಕೆ ಬಂತು. ಮೇಲಿನ ಮಹಡಿಯಲ್ಲಿ ಬಿಳಿ ಬಟ್ಟೆಯ ಒಬ್ಬ ನಿಂತಿದ್ದ. ಕೈ ಬೀಸುತ್ತಿದ್ದ.

"ಅವನೇ!" ಅಕ್ಕ ಕೈ ಬೀಸಿದಳು. ಮೇಷ್ಟ್ರು ಬೀಸಿದರು. ಹಾಲಿನ ಬೂತಿನವನು ಬೀಸಿದ. ಭಾವ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದು ಸಲ ಬೀಸಿದರು. ಆ ಮನುಷ್ಯ ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಬೀಸಿದ. ಮತ್ತೆ ಸರಿದ, ಮತ್ತೆ ಬೀಸಿದ. ಅವನು ಕಟಕಟೆಯ ಗಾಜು ಒರೆಸುತ್ತಿದ್ದಾನೆ ಅಂತ ಮೊದಲು ಗೊತ್ತಾದದ್ದು ಮೇಷ್ಟ್ರಿಗೆ. ಅವರು ಯಾರಿಗೂ ಹೇಳದೆ ಪಕೋಡ ತಿಂದರು. ನಮ್ಮ ಹುಡುಗ ಆ ಹೊತ್ತಿನಲ್ಲಿ ಹಡಗಿನ ಹೊಟ್ಟೆಯೊಳಗೆ ಎಲ್ಲೋ ಆಲೂಗೆಡ್ಡೆ ಮುಂದೆ ಇದ್ದ.

ಬಂದ ಹಡಗು ಅಲ್ಲೊಂದು ದಿನವಾದರೂ ನಿಲ್ಲುತ್ತದೆ ಅಂತ ಅಕ್ಕ ಅಂದುಕೊಂಡಿದ್ದಳು. ಅದು ಸಾಮಾನು ತುಂಬಿಕೊಂಡು, ಹೊಸ ಪ್ರಯಾಣಿಕರನ್ನು ಹತ್ತಿಸಿಕೊಂಡು ಅದೇ ಸಂಜೆ ಹೊರಟಿತು. ಮೆಕ್ಸಿಕೋದ ಕಡೆ ಹೋಗಿ, ಒಂದೆರಡು ದ್ವೀಪ ಮುಟ್ಟಿ, ವಾರಕ್ಕೆ ಸರಿಯಾಗಿ ಮತ್ತೆ ಮಯಾಮಿ. ಚಳಿಗಾಲ ಪೂರ್ತಿ ಇದೇ ಸುತ್ತು. ಭಾವನಿಗೆ ತುಂಬಾ ನಿರಾಸೆ ಆಯಿತು. "ಅಟ್ಲಾಂಟಿಕ್ ದಾಟಿ ಬಂದು ಸಿಟಿ ಬಸ್ ಕೆಲಸ ಮಾಡ್ತದಲ್ಲಪ್ಪ." ದುಡ್ಡು ಕಟ್ಟಿದ್ದನ್ನು ಮಾತ್ರ ನಿಲ್ಲಿಸಲಿಲ್ಲ.

ಮಾರನೇ ದಿನ ರಾತ್ರಿ ಮಗನ ಫೋನ್ ಬಂತು. ಸಿಬ್ಬಂದಿಯ ರೂಮುಗಳು ಕೆಳಗಿನ ಮಹಡಿಗಳಲ್ಲಿ, ಅವನದಕ್ಕೆ ಕಿಟಕಿ ಇಲ್ಲ. ಅಡುಗೆಮನೆಗೂ ಇಲ್ಲ. ಡ್ಯೂಟಿ, ನಿದ್ದೆ, ಡ್ಯೂಟಿ. ಹೊಸ ಕಾರ್ಪೆಟ್ಟು, ಹೊಸ ರೆಸ್ಟೋರೆಂಟು ಅವನು ಇನ್ನೂ ನೋಡಿಲ್ಲವಂತೆ. ಆಕಳಿಸುತ್ತಾ ಕೇಳಿದ. "ಅಮ್ಮ, ನಾವೀಗ ಎಲ್ಲಿದ್ದೀವಿ?"

ಅಕ್ಕ ಕನ್ನಡಕ ಹಾಕಿಕೊಂಡಳು. ಭಾವ ಫೋನ್ ತಂದು ಹಿಡಿದರು.

"ಹದಿನೇಳು ನಾಟ್‌ನಲ್ಲಿ ಹೋಗ್ತಿದ್ದೀರ. ಪಶ್ಚಿಮಕ್ಕೆ. ಎಡಗಡೆ ಕ್ಯೂಬಾ ಇದೆ, ಹೋಗಿ ನೋಡು. ಸ್ವೆಟರ್ ಹಾಕ್ಕೊಂಡು ಹೋಗು."